ಗಂಟಕ್ಕ ಇಟ್ಟ ಹೆಸರು

ಗಂಟಕ್ಕನ ಕಿವಿ ಯಾವ ವರ್ಷ ಹೋಯಿತು ಎಂದು ಅವಳಿಗೇ ಗೊತ್ತಿಲ್ಲ. ಅರವತ್ತು ಕರೆಂಟಿನ ಮಗ್ಗಗಳ ನಡುವೆ ಮೂವತ್ತೊಂದು ವರ್ಷ ನಿಂತವಳಿಗೆ ಗೊತ್ತಾಗುವುದಾದರೂ ಹೇಗೆ ಹೇಳಿ? ಒಂದು ಮಗ್ಗ ಓಡಿದರೇ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಅರವತ್ತು ಒಟ್ಟಿಗೆ ಓಡಿದರೆ ನಮ್ಮ ಹಲ್ಲು ನಮ್ಮ ಬಾಯೊಳಗೇ ಅದುರುತ್ತವೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಮಾಲೀಕ ಗೋಡೆಯ ಮೇಲೆ ಬರೆಸಿದ್ದ, ಅಲ್ಲಿಗೆ ಅವನ ಕರ್ತವ್ಯ ಮುಗಿಯಿತು. ಹೆಂಗಸರು ಇಟ್ಟುಕೊಂಡರು. ಹತ್ತಿ ತನ್ನ ಕೈಲಾದಷ್ಟು ತಡೆಯಿತು, ಆಮೇಲೆ ಒಬ್ಬೊಬ್ಬರದೇ ಕಿವಿ ಹೋಯಿತು.

ಗಂಟಕ್ಕ ಎನ್ನುವುದು ಬೀದಿಯವರು ಕರೆದ ಹೆಸರು. ಕಡಿದ ಎಳೆಗೆ ಅವಳಷ್ಟು ಬೇಗ ಗಂಟು ಹಾಕುವವರು ಇರಲಿಲ್ಲ. ಮಗ್ಗದ ಶೆಡ್ಡಿನೊಳಗಿನ ಅವಳ ಹೆಸರು ಬೇರೆ, ಅದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ. ಎರಡು ತೋರುಬೆರಳು ಒಂದಕ್ಕೊಂದು ಕೊಕ್ಕೆ ಹಾಕಿ ಪಟಕ್ಕನೆ ಬಿಡಿಸಬೇಕು. ಗಂಡ ಬಿಟ್ಟುಹೋದವಳು ಎಂದರ್ಥ. ಅಲ್ಲಿ ಮಾತೆಲ್ಲ ಕೈಯಲ್ಲೇ. ಎಳೆ ಕಡಿಯಿತು, ಮೇಸ್ತ್ರಿ ಬಂದ, ನೀರು ಬೇಕು, ನಿನ್ನ ಕುಪ್ಪಸದ ಗುಂಡಿ ಬಿಚ್ಚಿದೆ, ಎದುರುಮನೆಯವನು ಮತ್ತೆ ಹೆಂಡತಿಗೆ ಹೊಡೆದನಂತೆ, ಎಲ್ಲದಕ್ಕೂ ಒಂದೊಂದು ಕೈ. ನಾಲ್ಕು ಮಗ್ಗದಾಚೆ ನಿಂತವಳ ಜೊತೆ ಇಡೀ ಸಂಸಾರದ ಕಥೆ ಮಾತಾಡಿ ಮುಗಿಸುತ್ತಿದ್ದರು, ಮೇಸ್ತ್ರಿಗೆ ಸುಳಿವೂ ಸಿಗುತ್ತಿರಲಿಲ್ಲ.

ಹೆಸರಿಡುವ ರೀತಿ ಮಾತ್ರ ಕ್ರೂರ. ಕ್ರೂರ ಎನ್ನದೆ ಬೇರೆ ಏನೆನ್ನಲಿ? ಹೊಸಬಳು ಬಂದ ದಿನ ಊಟದ ಹೊತ್ತಿಗೆ ಎಲ್ಲರೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಎಲ್ಲಿ ಊನ, ಎಲ್ಲಿ ನೋವು, ಅಲ್ಲಿಂದಲೇ ಹೆಸರು ತೆಗೆಯುತ್ತಿದ್ದರು. ಮೆಳ್ಳಗಣ್ಣಿನವಳಿಗೆ ಕಣ್ಣಿನ ಪಕ್ಕ ಓರೆ ಬೆರಳು. ಮೂರು ಬಸಿರು ಇಳಿದುಹೋದವಳಿಗೆ ಹೊಟ್ಟೆಯ ಮುಂದೆ ಮೂರು ಬೆರಳು. ಹೌದು, ಅವಳ ಎದುರಿಗೇ. ಅವಳು ಒಂದು ವಾರ ಅತ್ತಳು. ಎರಡನೇ ವಾರ ಅದೇ ಮೂರು ಬೆರಳು ತೋರಿಸಿ, "ನಾನು ಬಂದೆ, ಜಾಗ ಬಿಡ್ರೇ" ಎಂದು ತಾನೇ ಊಟದ ಸಾಲಿನಲ್ಲಿ ನುಗ್ಗಿದಳು. ಆಮೇಲೆ ಅವಳ ಹೊಟ್ಟೆಯ ಬಗ್ಗೆ ಹೊರಗಿನವರು ಒಂದು ಮಾತಾಡಿದರೂ ಅರವತ್ತು ಹೆಂಗಸರು ಮೈಮೇಲೆ ಬೀಳುತ್ತಿದ್ದರು. ಹೆಸರು ಸಿಗದವಳ ಪಾಡು ಇನ್ನೂ ಕಷ್ಟ. ಅವಳ ಊನ ಕಂಡೂ ಕಾಣದ ಹಾಗೆ ಮುಖ ತಿರುಗಿಸುತ್ತಿದ್ದರು. ಅಂಥವಳು ತಿಂಗಳೊಳಗೆ ಕೆಲಸ ಬಿಟ್ಟು ಹೋಗುತ್ತಿದ್ದಳು.

ಗಂಡ ಬಿಟ್ಟುಹೋದಾಗ ಗಂಟಕ್ಕನ ಮಗಳಿಗೆ ಮೂರು ವರ್ಷ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಶೆಡ್ಡಿಗೇ ಕರೆತಂದಳು. ಆ ಮಗು ಹರಕು ನೂಲಿನ ರಾಶಿಯ ಮೇಲೆ ಮಲಗಿ ಎದ್ದು ಬೆಳೆಯಿತು. ಬಾಯಿಮಾತಿಗಿಂತ ಚೆನ್ನಾಗಿ ಕೈಮಾತು ಕಲಿಯಿತು. ಮೇಲಿನ ಹಲ್ಲು ಮುಂದಕ್ಕೆ ಬಂದಿತ್ತು. ಶೆಡ್ಡು ಬಿಡುತ್ತದೆಯೇ? ಮೇಲ್ತುಟಿಯ ಕೆಳಗೆ ಎರಡು ಬೆರಳು ಬಾಗಿಸಿ ಇಟ್ಟರು, ಅದೇ ಹೆಸರಾಯಿತು. ಗಂಟಕ್ಕನಿಗೆ ಆವತ್ತು ಎದೆ ತುಂಬಿ ಬಂದಿತ್ತು. ನನ್ನ ಮಗು ಇವರದೂ ಆಯಿತು ಎಂದುಕೊಂಡಳು.

ಮಗಳನ್ನು ಊಟಕ್ಕೆ ಕರೆಯುವಾಗ ಎರಡು ಬೆರಳು. ಬೀದಿಯ ಆ ತುದಿಯಿಂದ ಎರಡು ಬೆರಳು. ಶಾಲೆಯ ಗೇಟಿನ ಹೊರಗೆ ನಿಂತು, ಮುನ್ನೂರು ಮಕ್ಕಳ ಮುಂದೆ, ಮುಖ ಅರಳಿಸಿಕೊಂಡು ಎರಡು ಬೆರಳು. ಮಕ್ಕಳಿಗೆ ಇಷ್ಟು ಸಿಕ್ಕರೆ ಸಾಕಲ್ಲ. ವಾರದೊಳಗೆ ಇಡೀ ಶಾಲೆ ಬೆರಳು ತೋರಿಸತೊಡಗಿತು. ಮಗಳು ಹತ್ತನೇ ವಯಸ್ಸಿನಲ್ಲಿ ಒಂದು ಸಂಜೆ ಅಮ್ಮನ ಎರಡೂ ಮುಂಗೈ ಹಿಡಿದು ಕೆಳಗಿಳಿಸಿ, ಬಾಯಿ ದೊಡ್ಡದು ಮಾಡಿ ನಿಧಾನವಾಗಿ ಹೇಳಿದಳು: "ಅಮ್ಮಾ, ಶಾಲೆ ಹತ್ರ ಬರ್ಬೇಡ."

ಗಂಟಕ್ಕ ನಕ್ಕಳು. ಮೊದಲನೇ ವಾರ ಎಲ್ಲರೂ ಹೀಗೇ ಅಲ್ಲವೇ ಎಂದುಕೊಂಡಳು. ಎರಡನೇ ವಾರಕ್ಕಾಗಿ ಕಾದಳು. ಅದು ಬರಲೇ ಇಲ್ಲ.

ಮಗಳು ಓದಿದಳು, ಕೆಲಸ ಹಿಡಿದಳು, ಮೊದಲ ಸಂಬಳದಲ್ಲೇ ಹಲ್ಲಿಗೆ ತಂತಿ ಕಟ್ಟಿಸಿಕೊಂಡಳು. ಬ್ಯಾಂಕಿನಲ್ಲಿ ಕೆಲಸ ಮಾಡುವವನನ್ನು ಮದುವೆಯಾದಳು. ಅತ್ತೆ ನಿವೃತ್ತ ಟೀಚರು, ಅಕ್ಕಪಕ್ಕದವರಿಗೆಲ್ಲ ಟೀಚರಮ್ಮ. ಆ ಮನೆಯಲ್ಲಿ ಚಮಚ ತಟ್ಟೆಗೆ ತಾಗಿದರೂ ಎಲ್ಲರೂ ತಿರುಗಿ ನೋಡುತ್ತಾರೆ. ಬೇಜಾರಾದರೆ "ಸ್ವಲ್ಪ ತಲೆನೋವು" ಎನ್ನುತ್ತಾರೆ, ಸಿಟ್ಟು ಬಂದರೆ "ಹಾಗಾ, ಒಳ್ಳೇದಾಯ್ತು" ಎನ್ನುತ್ತಾರೆ. ಬೀಗಿತ್ತಿ ಮೊದಲ ಸಲ ಮನೆಗೆ ಬಂದು ಸೋಫಾದ ಮೇಲೆ ಕೂತು ಕೈಬೀಸಿ ಮಾತಿಗೆ ಶುರುಮಾಡಿದಾಗ ಟೀಚರಮ್ಮ ಸೊಸೆಯ ಕಡೆ ಬಾಗಿ, "ನಿಮ್ಮಮ್ಮನಿಗೆ ಸೊಳ್ಳೆ ಕಚ್ತಿದೆಯೇನಮ್ಮಾ? ಫ್ಯಾನ್ ಹಾಕು" ಎಂದರು. ಗಂಟಕ್ಕನಿಗೆ ಕೇಳಿಸಲಿಲ್ಲ, ಮಗಳ ಮುಖ ಕಪ್ಪಿಟ್ಟದ್ದು ಮಾತ್ರ ಕಂಡಿತು. ಅಂದಿನಿಂದ ಅಮ್ಮ ಬಂದ ಕೂಡಲೇ ಮಗಳು ಅವಳ ಕೈಗೊಂದು ಕೆಲಸ ಕೊಡುತ್ತಿದ್ದಳು. ಬಟಾಣಿ ಬಿಡಿಸು, ಬಟ್ಟೆ ಮಡಿಸು, ಕೊನೆಗೆ ಏನೂ ಇಲ್ಲದಿದ್ದರೆ ತುಂಬಿದ ಟೀ ಲೋಟ. ಎರಡೂ ಕೈ ತುಂಬಿದ್ದರೆ ಬಾಯಿ ಕಟ್ಟಿದ ಹಾಗೆ. ಮಗಳ ಕೈಯಂತೂ ಮದುವೆಯಾದ ಮೇಲೆ ಒಂದು ಸಲವೂ ಮಾತಾಡಿರಲಿಲ್ಲ.

ಆರು ವರ್ಷದ ಹಿಂದೆ ಶೆಡ್ಡು ಮುಚ್ಚಿತು. ಹೆಂಗಸರು ದಿಕ್ಕಿಗೊಬ್ಬರಾದರು. ಮೂರು ಬೆರಳಿನವಳು ಸತ್ತಳು, ಮೆಳ್ಳಗಣ್ಣಿನವಳು ಮಗನ ಜೊತೆ ದೂರ ಹೋದಳು. ಗಂಟಕ್ಕ ಒಂದು ಬಾಡಿಗೆ ಕೋಣೆಯಲ್ಲಿ ಉಳಿದಳು, ಮಾತಿಗೆ ಜನ ಇಲ್ಲ. ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಿದ್ದಳು, ಆದರೆ ಕಿವುಡಿಯ ಮುಂದೆ ನಿಂತು ತುಟಿ ಆಡಿಸುವ ಪುರುಸೊತ್ತು ಯಾರಿಗಿದೆ? ಅಂಗಡಿಯವನು ಬೆರಳಲ್ಲಿ ಲೆಕ್ಕ ತೋರಿಸುತ್ತಿದ್ದ, ಇಡೀ ವಾರಕ್ಕೆ ಅದೇ ಸಂಭಾಷಣೆ. ಭಾನುವಾರ ಬಂತೆಂದರೆ ತಲೆ ಬಾಚಿಕೊಂಡು ಎರಡು ಬಸ್ಸು ಬದಲಾಯಿಸಿ ಮಗಳ ಮನೆಗೆ ಹೋಗುತ್ತಿದ್ದಳು.

ಹೋಗುತ್ತಿದ್ದುದು ಮೊಮ್ಮಗಳಿಗಾಗಿ. ಆ ಮಗುವಿಗೆ ಎಡಗಾಲು ಹುಟ್ಟಿನಿಂದಲೇ ಎರಡು ಬೆರಳಿನಷ್ಟು ಗಿಡ್ಡ. ಡಾಕ್ಟರು, ದಪ್ಪ ಅಡಿಯ ಬೂಟು, ವ್ಯಾಯಾಮ, ಎಲ್ಲ ಆಗಿತ್ತು. ಮನೆಯಲ್ಲಿ ಮಾತ್ರ ಆ ಸುದ್ದಿ ಯಾರೂ ಎತ್ತುವಂತಿರಲಿಲ್ಲ. ಜನ ಬಂದರೆ ಮಗುವನ್ನು ಮೊದಲೇ ಕುರ್ಚಿಯ ಮೇಲೆ ಕೂರಿಸಿಬಿಡುತ್ತಿದ್ದರು. ಮಗಳು ಅಮ್ಮನ ಎದುರು ನಿಂತು, ಒಂದೊಂದೇ ಪದ ಬಿಡಿಸಿ, ಎರಡು ಸಲ ಹೇಳಿದ್ದಳು: "ನಿಮ್ಮ ಶೆಡ್ಡಿನ ಹೆಸರು ಇವಳಿಗೆ ಇಟ್ಟ ದಿನ, ನೀನು ಈ ಹೊಸಿಲು ತುಳಿಯೋ ಹಾಗಿಲ್ಲ. ಗೊತ್ತಾಯ್ತಾ?" ಗಂಟಕ್ಕ ತಲೆಯಾಡಿಸಿದ್ದಳು. ಗೊತ್ತಾಗಿತ್ತು. ಮಗುವೂ ಕೈತಪ್ಪಿದರೆ ತನಗೆ ಈ ಭೂಮಿಯ ಮೇಲೆ ಮಾತಿಗೆ ಯಾರೂ ಇಲ್ಲ ಎಂಬುದೂ ಗೊತ್ತಿತ್ತು.

ಯಾಕೆಂದರೆ ಮಗು ಕೈಮಾತು ಕಲಿಯತೊಡಗಿತ್ತು. ಹಿತ್ತಲಿನ ಮೆಟ್ಟಿಲ ಮೇಲೆ ಅಜ್ಜಿ ಮೊಮ್ಮಗಳು ಬಟಾಣಿ ಬಿಡಿಸುವ ನೆಪದಲ್ಲಿ ಕೂತು ಬೆಕ್ಕು, ನೀರು, ನಿದ್ದೆ, ಟೀಚರಜ್ಜಿಗೆ ಸಿಟ್ಟು ಬಂದಿದೆ, ಎಲ್ಲ ಆಡುತ್ತಿದ್ದರು. ಐದು ತುಂಬುತ್ತಿದ್ದ ಮಗು ಒಂದು ಭಾನುವಾರ ತನ್ನ ಎದೆ ಮುಟ್ಟಿಕೊಂಡು ಹುಬ್ಬು ಹಾರಿಸಿತು. ನಾನು? ನನ್ನ ಹೆಸರಿಗೆ ಯಾವ ಕೈ? ಗಂಟಕ್ಕ ಬಟಾಣಿ ಬುಟ್ಟಿಗೆ ಮುಖ ಹಾಕಿದಳು. ಮುಂದಿನ ಭಾನುವಾರ ಮಗು ಮತ್ತೆ ಕೇಳಿತು. ಅದರ ಮುಂದಿನ ಭಾನುವಾರ ಮತ್ತೆ ಕೇಳಿ, ಉತ್ತರ ಸಿಗದೆ, ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಿತು. ಗಂಟಕ್ಕ ಅದರ ಬೆನ್ನು ಸವರಿದಳು. ಈ ಮನೆಯವರು ಮಗುವಿಗೆ ಮಾಡುತ್ತಿರುವುದೇನು? ಎಲ್ಲರೂ ಕಂಡೂ ಕಾಣದ ಹಾಗೆ ಮುಖ ತಿರುಗಿಸುತ್ತಿದ್ದಾರೆ. ಓಡಿಸಬೇಕು ಎಂದುಕೊಂಡವಳಿಗೆ ಶೆಡ್ಡಿನಲ್ಲಿ ಮಾಡುತ್ತಿದ್ದುದೇ ಅದು. ಈ ಹಾಲುಗೆನ್ನೆಯ ಕೂಸಿಗೆ ಅಂಥ ಗತಿಯೇ?

ಹುಟ್ಟುಹಬ್ಬದ ದಿನ ಮನೆ ತುಂಬ ಜನ. ಬ್ಯಾಂಕಿನವರು, ಟೀಚರಮ್ಮನ ಹಳೆಯ ಸಹೋದ್ಯೋಗಿಗಳು, ಹತ್ತು ಹನ್ನೆರಡು ಮಕ್ಕಳು. ಮಗುವಿಗೆ ಕಾಲು ಮುಚ್ಚುವಷ್ಟು ಉದ್ದದ ಲಂಗ ತೊಡಿಸಿ ಕೇಕಿನ ಮೇಜಿನ ಹಿಂದೆ ಕೂರಿಸಿದ್ದರು. ಬೇರೆ ಮಕ್ಕಳು ಓಡಾಡುತ್ತಿದ್ದರು, ಇದು ಗೊಂಬೆಯ ಹಾಗೆ ಕೂತಿತ್ತು. ಗಂಟಕ್ಕ ಟೀ ಲೋಟ ಹಿಡಿದು ಮೂಲೆಯಲ್ಲಿದ್ದಳು. ಕೇಕು ಕತ್ತರಿಸಿಯಾಯಿತು, ಹಾಡಿಗೆ ಎಲ್ಲರ ಬಾಯಿ ತೆರೆದು ಮುಚ್ಚಿತು. ಮಗು ಜನರ ನಡುವಿನಿಂದ ಅಜ್ಜಿಯನ್ನು ಹುಡುಕಿ ತೆಗೆದು, ಎದೆ ಮುಟ್ಟಿಕೊಂಡು, ಹುಬ್ಬು ಹಾರಿಸಿತು.

ಗಂಟಕ್ಕ ಲೋಟ ಕೆಳಗಿಟ್ಟಳು.

ಎಡ ಅಂಗೈ ನೆಲ. ಅದರ ಮೇಲೆ ಬಲಗೈಯ ಎರಡು ಬೆರಳು ನಡೆಯುತ್ತವೆ, ಒಂದು ನೆಟ್ಟಗೆ, ಒಂದು ಮಡಿಸಿಕೊಂಡು. ಕುಂಟುತ್ತ ಕುಂಟುತ್ತ ಅಂಗೈ ದಾಟಿ, ಕೊನೆಗೆ ಒಂದು ಜಿಗಿತ. ಜಿಗಿತ ಅವಳು ಪ್ರೀತಿಗೆ ಸೇರಿಸಿದ್ದು.

ಮಗು ಒಂದು ಗಳಿಗೆ ನೋಡಿತು. ಆಮೇಲೆ ಕಿಲಕಿಲನೆ ನಕ್ಕು, ಕುರ್ಚಿಯಿಂದ ಜಾರಿ ಇಳಿದು, ಬೆರಳು ಆಡಿಸುತ್ತ, ಕುಂಟಿಕೊಂಡು ಕೋಣೆಯ ನಡುವೆ ಬಂದು, ಒಂದು ಜಿಗಿತ ಜಿಗಿಯಿತು. ತನ್ನ ಹೆಸರನ್ನು ಎಲ್ಲರಿಗೂ ತೋರಿಸಿತು. ದೊಡ್ಡವರ ಕೈಯಲ್ಲಿದ್ದ ತಟ್ಟೆಗಳು ಅಲ್ಲೇ ನಿಂತವು. ಯಾರದೋ ಹುಡುಗಿ ಮೊದಲು ನಕ್ಕಳು, ಬೆರಳು ಮಡಿಸಿ ಅಂಗೈ ಮೇಲೆ ನಡೆಸಿದಳು. ಅವಳನ್ನು ನೋಡಿ ಇನ್ನೊಬ್ಬಳು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹನ್ನೆರಡು ಮಕ್ಕಳೂ ಮಗುವಿನ ಸುತ್ತ ಕುಂಟುತ್ತ ಜಿಗಿಯುತ್ತ ಬೆರಳು ಆಡಿಸುತ್ತಿದ್ದರು. ಬ್ಯಾಂಕಿನವರೊಬ್ಬರು ನಗು ತಡೆಯಲಾರದೆ ಕರವಸ್ತ್ರಕ್ಕೆ ಮುಖ ಕೊಟ್ಟರು.

ಗಂಟಕ್ಕನಿಗೆ ಕಣ್ಣು ತುಂಬಿ ಬಂತು. ಇಡೀ ಮನೆ ತನ್ನ ಮೊಮ್ಮಗಳ ಹೆಸರು ಹೇಳುತ್ತಿದೆ! ಒಂದೇ ದಿನದಲ್ಲಿ ಇಷ್ಟು ಜನ! ಹೆಮ್ಮೆಯಿಂದ ಮಗಳ ಕಡೆ ತಿರುಗಿದಳು. ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಜನ ಬೇಗ ಹೊರಟರು. ಟೀಚರಮ್ಮ ಎಲ್ಲರನ್ನೂ ಬಾಗಿಲವರೆಗೆ ಕಳಿಸಿ, ಒಳಗೆ ಬಂದು, "ಸ್ವಲ್ಪ ತಲೆನೋವು" ಎಂದು ಕೋಣೆಯ ಬಾಗಿಲು ಹಾಕಿಕೊಂಡರು. ಅಳಿಯ ಮಗುವನ್ನು ಎತ್ತಿಕೊಂಡು ಮಹಡಿಗೆ ಹೋದ. ಮಗು ಅಪ್ಪನ ಹೆಗಲ ಮೇಲಿಂದ ಇನ್ನೂ ಬೆರಳು ಆಡಿಸುತ್ತಿತ್ತು, ಅವನು ಅದರ ಕೈ ಹಿಡಿದುಕೊಂಡ.

ತಪ್ಪಾಗಿದೆ ಎಂದು ಗಂಟಕ್ಕನಿಗೆ ಆಗ ಹೊಳೆಯಿತು. ಅದನ್ನು ಹೇಳಬೇಕಲ್ಲ. ಶೆಡ್ಡಿನಲ್ಲಿ ತಪ್ಪಾಯಿತು ಎನ್ನಲು ಕೈಯೇ ಇರಲಿಲ್ಲ. ಯಾರಿಗೆ ನೋವು ಮಾಡಿದೆವೋ ಅವಳ ಮಗ್ಗದ ಮುಂದೆ ಹೋಗಿ ನಿಲ್ಲಬೇಕು, ಮಾತಿಲ್ಲದೆ ಅವಳ ಕೆಲಸ ತಾನು ಮಾಡಬೇಕು, ಅವಳು ಹೋಗಿ ಟೀ ಕುಡಿದು ಬರಬೇಕು. ಅವಳು ಬಂದ ಮೇಲೆ ಮುಗಿಯಿತು. ಅಷ್ಟೇ ಕ್ಷಮೆ. ಗಂಟಕ್ಕ ಅಡುಗೆಮನೆಗೆ ಹೋದಳು. ಮಗಳು ನಲ್ಲಿಯ ಮುಂದೆ ನಿಂತು ತಟ್ಟೆ ತೊಳೆಯುತ್ತಿದ್ದಳು. ಅವಳನ್ನು ಭುಜದಿಂದ ಮೆಲ್ಲಗೆ ಸರಿಸಿ, ತಟ್ಟೆ ತಾನು ತೆಗೆದುಕೊಂಡು, ಉಜ್ಜತೊಡಗಿದಳು.

ಮಗಳಿಗೆ ಕಂಡದ್ದು ಬೇರೆ. ಇಷ್ಟು ಮಾಡಿ, ಏನೂ ಆಗಿಲ್ಲವೆಂಬಂತೆ ಪಾತ್ರೆ ತೊಳೆಯುತ್ತಿದ್ದಾಳೆ. ತಟ್ಟೆ ಕಿತ್ತು ನೆಲಕ್ಕೆ ಎಸೆದಳು. ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಒದ್ದೆ ಕೈ ಮೇಲೆತ್ತಿದಳು.

ಆ ಕೈಗಳು ಮಾತಾಡಿದವು.

"ನೀನು ಕರೆದ ಹೆಸರಿಗೆ ನಾನು ಇಪ್ಪತ್ತು ವರ್ಷ ತಿರುಗಿ ನೋಡ್ದೆ. ಬಾಯಿ ಮುಚ್ಕೊಂಡೇ ನಗೋದು ಕಲಿತೆ. ತಂತಿ ಹಾಕಿಸ್ದೆ, ಹಲ್ಲು ಒಳಗೆ ಹೋಯ್ತು, ನಿನ್ನ ಎರಡು ಬೆರಳು ಹೋಗ್ಲಿಲ್ಲ. ಈಗ್ಲೂ ಯಾರಾದ್ರೂ ಮೂಗು ಕೆರ್ಕೊಂಡ್ರೆ ನನ್ನನ್ನೇ ಅಂತಿದಾರೆ ಅನ್ಸುತ್ತೆ. ನನಗೆ ಮಾಡಿದ್ದು ಸಾಲ್ದಾ ನಿನಗೆ? ಇನ್ನು ಬರ್ಬೇಡ. ಅವಳಿಗಿರೋದು ಒಬ್ಬರೇ ಅಜ್ಜಿ, ಟೀಚರಜ್ಜಿ ಅಂತ ಹೇಳ್ತೀನಿ."

ಗಂಟಕ್ಕ ಕುಸಿಯಬೇಕಿತ್ತು. ಅಯ್ಯೋ, ಏನು ಹೇಳಲಿ, ಅವಳು ನೋಡುತ್ತಿದ್ದಳು. ಆರು ವರ್ಷದಿಂದ ಅವಳ ಜೊತೆ ದೊಡ್ಡವರು ಯಾರೂ ಒಂದು ಪೂರ್ತಿ ಮಾತು ಆಡಿರಲಿಲ್ಲ. ಮಗಳು ಏನೂ ಮರೆತಿರಲಿಲ್ಲ. ಮಣಿಕಟ್ಟಿನ ಆ ತಿರುವು, ಸಾಲದೇ ಎನ್ನುವಾಗ ಬೆರಳ ತುದಿಯಲ್ಲಿ ಆ ಕಿಡಿ. ಇಡೀ ಶೆಡ್ಡಿನಲ್ಲಿ ಇಷ್ಟು ಸ್ಪಷ್ಟವಾಗಿ ಆಡುವವರು ಯಾರಿದ್ದರು? ಬಾಯಾರಿದವಳು ನೀರು ನೋಡುವ ಹಾಗೆ ಮಗಳ ಕೈಗಳನ್ನೇ ನೋಡುತ್ತ, ಮುಖ ಅರಳಿಸಿಕೊಂಡು ನಿಂತುಬಿಟ್ಟಳು. ಬೈಯಲಿ, ಇನ್ನಷ್ಟು ಬೈಯಲಿ, ನಿಲ್ಲಿಸದಿರಲಿ ಎಂದು ಅವಳ ಜೀವ ಹಾರುತ್ತಿತ್ತು.

ಮಗಳಿಗೆ ಅದು ಕಂಡಿತು. ಅಮ್ಮನ ಕಣ್ಣು ಎಲ್ಲಿದೆ, ಯಾಕಿದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಾಳಿಯಲ್ಲಿದ್ದ ಕೈ ಅಲ್ಲೇ ನಿಂತಿತು. ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡಳು. ಬೆನ್ನು ತಿರುಗಿಸಿ ನಲ್ಲಿಯ ಗೋಡೆಗೆ ಮುಖ ಮಾಡಿದಳು. ಉಳಿದದ್ದನ್ನು ಬಾಯಲ್ಲಿ ಹೇಳತೊಡಗಿದಳು.

ತುಟಿಯಾದರೂ ಕಾಣಲಿ ಎಂದು ಗಂಟಕ್ಕ ಆ ಪಕ್ಕಕ್ಕೆ ಹೋದಳು. ಮಗಳು ಈ ಪಕ್ಕಕ್ಕೆ ತಿರುಗಿದಳು. ಗಂಟಕ್ಕ ಮತ್ತೆ ಸುತ್ತಿ ಬಂದಳು. ಮಗಳು ಮತ್ತೆ ತಿರುಗಿದಳು. ಅಳಿಯ ಚಪ್ಪಲಿ, ಚೀಲ ತಂದು ಬಾಗಿಲ ಹತ್ತಿರ ಇಟ್ಟ. ಗಂಟಕ್ಕ ಅಲ್ಲಿಗೆ ಹೋಗಿ ತಿರುಗಿ ನೋಡಿದಾಗಲೂ ಮಗಳ ಭುಜಗಳು ಅಲುಗುತ್ತಿದ್ದವು. ಏನು ಹೇಳಿದಳೋ ಗಂಟಕ್ಕನಿಗೆ ಗೊತ್ತಿಲ್ಲ, ತುಂಬ ಹೊತ್ತು ಹೇಳಿದಳು.