ಅಳತೆ ಬ್ಲೌಸ್

ಅಣ್ಣನ ಮಗಳ ಮದುವೆಗೆ ನಾಲ್ಕು ದಿನ ಮೊದಲೇ ನಾನು ಬಳ್ಳಾರಿಯಿಂದ ತಿಪಟೂರಿಗೆ ಹೋಗಿದ್ದೆ. ಅಣ್ಣ ಆ ಊರು ಸೇರಿ ವರ್ಷಗಳಾಗಿದ್ದರೂ ನಾನು ಕಾಲಿಟ್ಟದ್ದು ಅದೇ ಮೊದಲು. ಸೋದರತ್ತೆಗೆಂದು ಹಸಿರು ರೇಷ್ಮೆ ಸೀರೆ ತಂದಿಟ್ಟಿದ್ದ. ಅದನ್ನೇ ಉಟ್ಟು ನಾನು ಕಳಶ ಹಿಡಿಯಬೇಕು. ಬ್ಲೌಸ್ ಮಾತ್ರ ಹೊಲಿಸಿರಲಿಲ್ಲ.

ಅಳತೆ ಕೊಡಬೇಕಲ್ಲ ಎಂದು ಹೆದರಿದೆ. ಹಿಂದಿನ ವರ್ಷ ಕ್ಯಾನ್ಸರ್ ಎಂದು ನನ್ನ ಎಡ ಸ್ತನ ತೆಗೆದಿದ್ದರು. ಗಂಡ ಮತ್ತು ಅಣ್ಣನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಉಳಿದವರಿಗೆಲ್ಲ ಗರ್ಭಕೋಶದ ಆಪರೇಷನ್ ಎಂದು ಹೇಳಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಚೀಲ ಎತ್ತಿಕೊಳ್ಳುತ್ತಲೇ ಅಣ್ಣ, “ತಾಳಿ ಕಟ್ಟೋ ತನಕ ಬಾಯಿ ಬಿಡಬ್ಯಾಡ. ಸೋದರತ್ತೆಗೆ ಬಂದದ್ದು ಹುಡುಗಿಗೂ ಬರುತ್ತೆ ಅಂತ ಬೀಗರು ಎದ್ದು ಹೋದ್ರೆ ಏನ್ಮಾಡ್ಲಿ?” ಎಂದಿದ್ದ. ಹೇಗಿದ್ದೀಯ ಎಂದು ಕೇಳುವ ಮೊದಲೇ ಹೀಗೆಂದದ್ದಕ್ಕೆ ಸಿಟ್ಟು ಬಂತು, ನುಂಗಿಕೊಂಡೆ.

ಮರುದಿನ ಮದುವೆ ಹುಡುಗಿ ನನ್ನನ್ನು ಬೊಟಿಕ್‌ಗೆ ಎಳೆದುಕೊಂಡು ಹೋದಳು. ಕೊಬ್ಬರಿ ಲಾರಿಗಳ ಸಾಲಿನ ಹಿಂದೆ ಗಾಜಿನ ಅಂಗಡಿ. ನಮ್ಮೂರು ದೊಡ್ಡದೆಂಬ ನನ್ನ ಜಂಬ ಒಳಗೆ ಹೋಗುತ್ತಲೇ ಇಳಿಯಿತು. ಬೆನ್ನ ತುಂಬ ನೆಟ್ ಬಟ್ಟೆ, ಬೋಟ್ ನೆಕ್, ಸೊಂಟದವರೆಗೆ ಜೋತಾಡುವ ಕುಚ್ಚು. ಒಂದರ ತೋಳಿನ ಮೇಲೆ ಜರಿಯ ಕಳಶ, ಅದರ ಮೇಲೆ ತೆಂಗಿನಕಾಯಿ, ಜುಟ್ಟು ಸಮೇತ! “ಈ ಸೀಸನ್ನಿಗೆ ಇದೇ ಅತ್ತೆ, ಹಾಕುಸ್ಕೊಳಿ,” ಎಂದ ಹುಡುಗಿ ಫೋನ್ ಬಂತೆಂದು ಹೊರಗೆ ಹೋದಳು.

ಸೋಫಾದ ಮೇಲೆ ಮದುವೆ ಹುಡುಗನ ತಾಯಿ ಕೂತಿದ್ದರು; ಒಳಗೆ ಬರುತ್ತಲೇ ಹುಡುಗಿ ಪರಿಚಯ ಮಾಡಿಸಿದ್ದಳು. ತಮ್ಮ ಬ್ಲೌಸ್ ಟ್ರಯಲ್ ನೋಡಲು ದಬ್ಬೇಘಟ್ಟದಿಂದ ಬಂದಿದ್ದರಂತೆ. “ಬನ್ನಿ ಬೀಗಿತ್ತಿ,” ಎಂದು ಪಕ್ಕದಲ್ಲೇ ಕೂರಿಸಿಕೊಂಡರು. ಟೈಲರ್ ಹೆಂಗಸು ಟೇಪ್ ಹಿಡಿದು ಬಂದಳು.

“ಟೇಪ್ ಬೇಡ,” ಎಂದು ಗಡಬಡಿಸಿ ಚೀಲದಿಂದ ಅಳತೆ ಬ್ಲೌಸ್ ತೆಗೆದುಕೊಟ್ಟೆ. ಎಲ್ಲಿಗೆ ಹೋದರೂ ಅಳತೆಗೆಂದು ಸರಿಯಾಗಿ ಕೂರುವ ಹಳೆಯದೊಂದನ್ನು ಜೊತೆಗಿಟ್ಟುಕೊಳ್ಳುವುದು ನಮ್ಮ ಹೆಂಗಸರ ಅಭ್ಯಾಸ. ಕೊಟ್ಟ ಮೇಲೆ ನೆನಪಾಯಿತು. ಅದರ ಎಡಗಡೆ ಒಳಗೆ ನಾನೇ ಹತ್ತಿ ತುಂಬಿ ಸೊಟ್ಟಸೊಟ್ಟ ಹೊಲಿಗೆ ಹಾಕಿದ್ದೆ. ಟೈಲರ್‌ಗಳು ಮೊದಲು ಮಾಡುವುದೇ ಬ್ಲೌಸಿನ ಒಳಮೈ ತಿರುವುವುದು. ಅವಳೂ ತಿರುವಿದಳು. ಕೈ ಅಲ್ಲೇ ನಿಂತಿತು.

“ಏನಮ್ಮ ಅದು?” ಬೀಗಿತ್ತಿ ಬಗ್ಗಿ ನೋಡಿದರು.

ಟೈಲರ್ ನನ್ನ ಮುಖ ನೋಡಿದಳು. “ಪ್ಯಾಡ್ ಕಣಕ್ಕ. ಈಗ ಇದೇ ಫ್ಯಾಶನ್, ಎಲ್ರೂ ಹಾಕುಸ್ಕೊತಾರೆ,” ಎಂದು ಸರಕ್ಕನೆ ಮಡಿಚಿದಳು.

ಆ ಸುಳ್ಳು ನಿಲ್ಲುವಂಥದ್ದಲ್ಲ. ಪ್ಯಾಡ್ ಇದ್ದದ್ದು ಒಂದೇ ಕಡೆ, ಅದನ್ನು ಅವರು ನೋಡಿಬಿಟ್ಟಿದ್ದರು. ಮದುವೆ ಮುರಿಯಿತು, ನನ್ನ ಕೈಯಾರೆ ಮುರಿದೆ ಎಂದುಕೊಂಡೆ. ಗಾಜಿನಾಚೆ ಹುಡುಗಿ ಫೋನಿನಲ್ಲಿ ನಗುತ್ತಿದ್ದಳು. ಬೀಗಿತ್ತಿಯ ಕಾಲು ಹಿಡಿಯೋಣವೆಂದು ಎದ್ದೆ.

ಅವರೂ ಬಾಗಿಲ ಕಡೆ ನೋಡಿದರು. ಆಮೇಲೆ ತಮ್ಮ ಬ್ಲೌಸನ್ನು ಟೈಲರ್ ಮುಂದೆ ತಳ್ಳಿದರು. “ನಂದ್ಕೂ ಪ್ಯಾಡ್ ಹಾಕ್ಬುಡು.”

“ಎರಡೂ ಕಡೆಗಾ ಅಕ್ಕ?”

“ಬಲಗಡೆ ಒಂದ್ಕೇ ಸಾಕು ಕಣೇ.”

ನನ್ನ ಕೈ ಹಿಡಿದು ಕೂರಿಸಿದರು. “ನಮ್ಮ ಹುಡುಗಂಗೂ ಗೊತ್ತಿಲ್ಲ ಕಣ್ರೀ. ತಾಳಿ ಒಂದು ಆಗೋಗ್ಲಿ, ಸುಮ್ಕಿದ್ಬುಡಿ.”

ಮದುವೆ ಉಳಿಯಿತೆಂದು ಉಸಿರು ಬಿಡಬೇಕಿತ್ತು. ಆದರೆ ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ನಾಳೆ ಈ ಹುಡುಗ ಹುಡುಗಿಗೊಂದು ಹೆಣ್ಣುಮಗು ಹುಟ್ಟಿದರೆ, ಎರಡೂ ಕಡೆಯಿಂದ ಬಂದಿರುವ ಇದನ್ನು ಅದಕ್ಕೆ ಹೇಳುವವರು ಯಾರು?

ಹುಡುಗಿ ಒಳಗೆ ಬಂದು, “ಅಳತೆ ಕೊಟ್ಟಾಯ್ತಾ?” ಎಂದಳು.

“ಆಯ್ತಮ್ಮ,” ಎಂದೆವು, ಇಬ್ಬರು ಅತ್ತೆಯರೂ.