ಬರೀ ಬಂದ ತಾಟ

ಮೊನ್ನೆ ಕೊರ್ತಾಲಿಮ್‌ದಾಗ ಬಸ್ಸಿಗೆ ಕಾಯ್ಕೋತ ನಿಂತಿದ್ದೆ. ರಸ್ತೆ ಆಚೆ ಬಾಡಿಗಿ ಖೋಲಿಗಳ ಸಾಲಿನ್ಯಾಗಿಂದ ರೊಟ್ಟಿ ಬಡಿಯೋ ಸಪ್ಪಳ ಬಂತು. ಪಟ್ ಪಟ್ ಪಟ್, ಹಿಟ್ಟು ತಿರುವಾಕ ಒಂದೀಟು ಬಿಡುವು, ಮತ್ತ ಪಟ್ ಪಟ್. ಅದರ ಹಿಂದ ಹಂಚಿನ ಮ್ಯಾಲೆ ಜ್ವಾಳದ ಹಿಟ್ಟು ಸುಡೋ ವಾಸನಿ. ಬಸ್ ಬಂತು, ಹೋತು, ನಾ ಹತ್ತಲಿಲ್ಲ. ಗೋವಾದಾಗ ಬೆಳೆದ ನಮ್ಮ ಕಡಿ ಮಂದಿಗೆ ನಾ ಬಿಡಿಸಿ ಹೇಳಬೇಕಾಗಿಲ್ಲ. ಈ ಸಪ್ಪಳಕ್ಕ ಮೊದಲ ಹಸಿವು ಆಗತೈತಿ, ಆಮ್ಯಾಲೆ ಸಿಟ್ಟು ಬರತೈತಿ. ನನಗಂತೂ ಸಿಟ್ಟೇ ಹೆಚ್ಚು. ಅಳೂದನ್ನ ನಾ ಎಂದೋ ಬಿಟ್ಟೇನಿ.

ನಮ್ಮ ಮನಿ ವಾಸ್ಕೋದಾಗ ಸಮುದ್ರದ ದಂಡಿಗೆ ಇತ್ತು. ಮನಿ ಅಂದ್ರ ತಗಡು, ತಾಡಪತ್ರಿ, ಹಳೇ ಹಡಗಿನ ಹಲಗಿ. ಆದ್ರ ಅದರ ನಡುವ ಅಜ್ಜಿ ತನ್ನ ಕೈಲೆ ಮೆತ್ತಿದ ಒಲಿ ಇತ್ತಲ್ಲ, ಅದು ಅರಮನಿಗೂ ಇರಲಿಕ್ಕಿಲ್ಲ. ಬಂದರದ ಕೆಲಸಕ್ಕಂತ ವಿಜಯಪುರದ ಕಡಿಂದ ಬಂದ ನಮ್ಮಪ್ಪ-ಅವ್ವ ಒಬ್ಬರ ಹಿಂದ ಒಬ್ಬರು ತೀರಿಹೋದ ಮ್ಯಾಲೆ, ಅಜ್ಜಿ ಆ ಒಲಿ ಮುಂದ ಕುಂತು, ಬಂದರದಾಗ ದುಡಿಯೋ ನಮ್ಮೂರ ಕಡಿ ಗಂಡಸರಿಗೆ ರೊಟ್ಟಿ ಬಡದು ನನ್ನ ಸಾಕಿದ್ಲು. ಊಟಾ ತಯಾರಾತು ಅಂದ್ರ ದಂಡಿ ಮ್ಯಾಲೆ ನಿಂತು ಒದರೂದು ನನ್ನ ಕೆಲಸ. ಗಾಳಿ, ತೆರಿ, ಕ್ರೇನಿನ ಗದ್ದಲ, ಎಲ್ಲಾ ದಾಟಿ ನನ್ನ ದನಿ ಹೋಗಬೇಕಿತ್ತು, ಹೋಗ್ತಿತ್ತು. 'ನಮ್ಮ ನೀಲವ್ವನ ಬಾಯಿ ಹಡಗಿನ ಭೋಂಗಾ ಇದ್ದಂಗ' ಅಂತ ಅಜ್ಜಿ ಎಲ್ಲಾರ ಮುಂದ ಹೇಳ್ಕೋತಿದ್ಲು.

ಅದ ಬಾಯಿ ಸಾಲಿಗೆ ಹೋದಕೂಡಲೇ ಕಟ್ಟಿತು. ಬರೇ ಹುಡುಗ್ಯಾರ ಸಾಲಿ ಅದು, ಎತ್ತರದ ಕಂಪೌಂಡು, ಒಳಗ ಮಾವಿನ ಗಿಡ, ಇಸ್ತ್ರಿ ಮಾಡಿದ ಬಿಳೀ ಅಂಗಿಗಳು. ನನ್ನ ಅಂಗಿ ಹೊಗಿ ನಾರತಿತ್ತು. ನಾ ಡಬ್ಬಿ ಬಿಚ್ಚಿದ್ರ, ಶೇಂಗಾ ಚಟ್ನಿ ವಾಸನಿ ಬಂತಂತ ಬಾಜೂದವರು ಮೂಗು ಮುಚ್ಕೊಂಡು ಬೆಂಚ್ ಸಮೇತ ಸರೀತಿದ್ರು. 'ಘಾಟಿ' ಅಂತಿದ್ರು. ಘಟ್ಟ ಇಳಿದು ಬಂದವರಿಗೆ ಅಲ್ಲಿಯವರು ಇಟ್ಟ ಹೆಸರು. ಹೆಸರೆಲ್ಲಿದು, ಉಗುಳು ಅದು. ಹುಡುಗ್ಯಾರು ಮೆತ್ತಗ ಇರತಾರ ಅನ್ನೋವರು ಹುಡುಗ್ಯಾರ ಸಾಲ್ಯಾಗ ಒಂದ ಮಧ್ಯಾಹ್ನ ಕುಂತು ಡಬ್ಬಿ ಬಿಚ್ಚಿ ನೋಡಲಿ.

ಬಾಯಿ ಬಿಡಿಸಿದ್ದು ಕರೆಂಟು. ಸಾಲಿ ವಾರ್ಷಿಕೋತ್ಸವದ ದಿನ ಕರೆಂಟು ಹೋಗಿ ಮೈಕು ಸತ್ತಿತು. ಮಂದಿ ಗುಜುಗುಜು ಅನ್ನಾಕತ್ತಿದ್ರು. ಹಿಂದಿನಿಂದ ಯಾರೋ 'ಆ ಘಾಟಿ ಹುಡುಗೀನ ನಿಲ್ಲಸ್ರಿ, ದಂಡಿ ಮ್ಯಾಲೆ ಮೀನು ಮಾರೋವರಂಗ ಒದರತಾಳ' ಅಂದ್ರು, ಎಲ್ಲಾರು ನಕ್ಕರು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ನಗಲಿಲ್ಲ. ನನ್ನ ಕೈ ಹಿಡಕೊಂಡು ಸ್ಟೇಜ್ ಹತ್ತಿಸಿ, 'ದನಿ ಗಂಟಲದಾಗ ಇಟ್ಕೋಬ್ಯಾಡ, ಹೊಟ್ಟಿಂದ ತೆಗಿ' ಅಂತ ಕೊಂಕಣ್ಯಾಗ ಹೇಳಿ ಸ್ವಾಗತದ ಹಾಳಿ ಕೈಯಾಗ ಇಟ್ಟರು. ನನಗ ನಕ್ಕವರ ಮ್ಯಾಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಬಂದರದ ಗಂಡಸರನ್ನ ಊಟಕ್ಕ ಕರೆಯೋ ಹಂಗ ಓದಿದೆ. ಗೇಟಿನ ಹೊರಗ ನಿಂತ ಬಸ್ಸಿನವರೂ ಹೊಳ್ಳಿ ನೋಡಿದ್ರಂತ. ಅವತ್ತಿಂದ ನಾ ಸಾಲಿ ದನಿ ಆದೆ. ಮುಂಜಾನಿ ಪ್ರಾರ್ಥನಿ ನನ್ನದು, ಭಾಷಣ ನನ್ನದು, ಚರ್ಚಾ ಸ್ಪರ್ಧೆ ನನ್ನದು. ಗಿಡ ಹತ್ತೂದು, ಬೆಂಚ್ ಹೊರೂದು, ಜಗಳ ಬಿಡಿಸೂದು, ಎಲ್ಲಾ ಹುಡುಗ್ಯಾರೇ ಮಾಡೋ ಆ ಕಂಪೌಂಡಿನ ಒಳಗ, ಚಲೋ ಮಾತಾಡಿದ್ರ ಎಂಥಾ ಕೆಲಸಾನೂ ಆಗತೈತಿ ಅಂತ ನಾ ಖರೇನ ನಂಬಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಹಂಗ. ಕಂಪೌಂಡಿನ ಹೊರಗ ಅದು ನಡಿಯೂದಿಲ್ಲಂತ ಸಿಸ್ಟರ್ ಹೇಳಿಕೊಡಲಿಲ್ಲ, ಅವರಿಗೂ ಗೊತ್ತಿರಲಿಲ್ಲೋ ಏನೋ.

ಆ ವರ್ಷ ಮಳಿಗಾಲದಾಗ ದಂಡಿ ಮ್ಯಾಲಿನ ಮನಿಗಳನ್ನ ಕೆಡವತಾರಂತ ಸುದ್ದಿ ಬಂತು. ಗಂಡಸರು ಗುಂಪು ಗುಂಪಾಗಿ ನಿಂತು ಮಾತಾಡಿದ್ರು, ಸುಮ್ಮನಾದ್ರು. ಅಜ್ಜಿ ಒಬ್ಬಾಕಿ ಗಾಬರಿ ಆಗಲಿಲ್ಲ. ನನ್ನ ಕೂಡ ಚರ್ಚಾ ಸ್ಪರ್ಧೆಗೆ ಬರತಿದ್ದ ಸಮೀಕ್ಷಾಳ ಅಪ್ಪ ನಮ್ಮ ವಾರ್ಡಿನ ಪುಢಾರಿ. ವರ್ಷಾ ವರ್ಷಾ ನಾಗರ ಪಂಚಮಿ ಹಿಂದಿನ ದಿನ, ರೊಟ್ಟಿ ಹಬ್ಬಕ್ಕ, ಅಜ್ಜಿ ನನ್ನ ಕೈಲೆ ಅವರ ಮನಿಗೂ ರೊಟ್ಟಿ ಕಳಸತಿದ್ಲು. ನಮ್ಮ ಕಡಿ ರೊಟ್ಟಿ ಹಬ್ಬ ಹಂಗ, ಕೊಟ್ಟವರ ಮನಿಗೆ ನಮ್ಮದು, ನಮ್ಮ ಮನಿಗೆ ಅವರದು. ತಾಟ ಮಾತ್ರ ಬರೀ ತಿರುಗಿ ಕೊಡಬಾರದು. ಏನೂ ಇಲ್ಲಂದ್ರ ಒಂದ ಚೂರು ಬೆಲ್ಲಾನೋ ಒಂದ ಹಿಡಿ ಕಾಳೋ ಹಾಕಬೇಕು. ಬರೀ ಕೊಟ್ರ ನಂಟು ಹರಕೊಂಡಂಗ. ಸಮೀಕ್ಷಾಳ ಅವ್ವಗ ಇದೇನೂ ಗೊತ್ತಿಲ್ಲಾಂದ್ರೂ, ಪಾಪ, ಒಂದ ತೆಂಗಿನಕಾಯಿ ಹಾಕಿ ಕಳಸತಿದ್ಲು. 'ನಮ್ಮ ರೊಟ್ಟಿ ಉಂಡಾರ. ಉಂಡ ಮನಿಗೆ ಎರಡು ಬಗ್ಯಾಂಗಿಲ್ಲ ಅವರು' ಅಂದ್ಲು ಅಜ್ಜಿ. 'ಈ ಸಲ ನಾನೂ ಬರ್ತೇನಿ. ನೀ ಅವರ ಮಾತಿನ್ಯಾಗ ಕೇಳು. ನಿನ್ನ ಬಾಯಿ ಮುಂದ ಯಾರು ಇಲ್ಲ ಅಂತಾರ?'

ನಾ ಎರಡು ದಿನ ಸ್ಪರ್ಧೆಗೆ ತಯಾರಾದಂಗ ತಯಾರಾದೆ. ಅಜ್ಜಿ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಕಾಳುಪಲ್ಯ, ಎಲ್ಲಾ ತಾಟಿನ್ಯಾಗ ಜೋಡಿಸಿ, ಒಗೆದ ಅರಿವಿ ಮುಚ್ಚಿ, ಮಳ್ಯಾಗ ಎದಿಗೆ ಅವಚಿಕೊಂಡು ಬಂದ್ಲು. ಆ ಮನ್ಯಾಗ ಬೀಗರೋ ಗೆಳೆಯರೋ, ಭಾಳ ಮಂದಿ ಕುಂತಿದ್ರು. ತಾಟ ಒಳಗ ಹೋತು. ನಾ ಚಪ್ಪಲಿ ಬಿಟ್ಟ ಜಾಗಾದಾಗ ನಿಂತು ಹೊಟ್ಟಿಂದ ದನಿ ತೆಗದು ಕೊಂಕಣ್ಯಾಗ ಹೇಳಿದೆ. ಆಮ್ಯಾಲೆ ಸಮೀಕ್ಷಾಳ ಅಪ್ಪ ನಕ್ಕೋತ ಮಗಳ ಕಡಿ ಹೊಳ್ಳಿ, 'ನೋಡು, ಘಾಟಿ ಹುಡುಗಿ ಎಷ್ಟು ಚಂದ ಮಾತಾಡತಾಳ, ನಿನಗ ಯಾಕ ಬರೂದಿಲ್ಲ?' ಅಂದ್ರು. ನನಗ 'ಪರತ್ ಮ್ಹಣ್' ಅಂದ್ರು, ಮತ್ತೊಮ್ಮೆ ಹೇಳು ಅಂತ. 'ಆ ಕೊನೀ ಮಾತು ಭಾಳ ಚಲೋ ಇತ್ತು.' ನಾ ಮತ್ತೊಮ್ಮೆ ಹೇಳಿದೆ. ಎಲ್ಲಾರು ಚಪ್ಪಾಳಿ ತಟ್ಟಿದ್ರು. ಬಾಗಲ ಹತ್ರ ನಿಂತಿದ್ದ ಅಜ್ಜಿ, ಒಂದ ಶಬ್ದಾನೂ ತಿಳೀದಿದ್ರೂ, ಕೈ ಮುಗಿದು ಮುಖ ತುಂಬ ನಗಾಕತ್ತಿದ್ಲು.

ಸಮೀಕ್ಷಾಳ ಅವ್ವ ತಾಟ ತಂದು ಅಜ್ಜಿ ಕೈಗೆ ಕೊಟ್ಲು. ಸ್ವಚ್ಛ ತೊಳದು, ಒರಸಿ, ಬರೀ. ನನ್ನ ಮುಖ ನೋಡಲಿಲ್ಲ ಆಕಿ. ಅಜ್ಜಿ ನಗು ಹಂಗ ನಿಂತುಬಿಡ್ತು.

ಬಸ್ಸಿನ್ಯಾಗ ನಾ ಒಂದ ಸವನೆ ಮಾತಾಡಿದೆ. ಚಪ್ಪಾಳಿ ತಟ್ಟಿದ್ರಲ್ಲ ಅಜ್ಜಿ, ಕೆಲಸ ಆತಲ್ಲ ಅಜ್ಜಿ. ಅಕಿ ತಾಟ ತೊಡಿ ಮ್ಯಾಲೆ ಇಟ್ಕೊಂಡು, ಅದರಾಗ ಅಂಗೈ ಆಡಿಸ್ಕೋತ, 'ಚಲೋ ಮಾತಾಡಿದಿ ಬಿಡವಾ' ಅಂದ್ಲು. ಮನಿಗೆ ಬಂದಾಕಿ ಒಲಿ ಹಚ್ಚಲಿಲ್ಲ. ಗೂಟದ ಮ್ಯಾಲಿನ ಅರಿವಿ ಇಳಿಸಿ ಗಂಟು ಕಟ್ಟಾಕತ್ತಿದ್ಲು. ಚಪ್ಪಾಳಿ ನಂಬಿದ ನಾ ಹುಚ್ಚಿ ಹಂಗ ಅಕಿ ಕೂಡ ಜಗಳಾಡಿದೆ.

ಪಂಚಮಿ ಮುಗಿದ ಬೆನ್ನಿಗೆ ಜೇಸಿಬಿ ಬಂತು. ಸುರಿಯೋ ಮಳ್ಯಾಗ ತಗಡು, ಹಲಗಿ ಎಲ್ಲಾ ಒಂದ ಬದಿಗೆ ಬಿದ್ದವು. ಒಲಿ ಮಾತ್ರ ಗಟ್ಟಿ ಇತ್ತು. ಎರಡನೇ ಸಲ ಹೊಡದ ಮ್ಯಾಲೆ ಒಡೀತು, ಒಳಗಿನ ಬೂದಿ ಮಳಿ ನೀರಿನ ಕೂಡ ಸಮುದ್ರಕ್ಕ ಹರೀತು. ಆಮ್ಯಾಲೆ ನಾವು ಕೊರ್ತಾಲಿಮ್‌ದಾಗ ಖೋಲಿ ಹಿಡದ್ವಿ. ರೊಟ್ಟಿ ಬಡಿಯೋ ಸಪ್ಪಳ ಆಗಬಾರದು ಅಂತ ಮಾಲಕರು ಮೊದಲ ದಿನಾನ ತಾಕೀತು ಮಾಡಿದ್ರು. ಅಜ್ಜಿ ಲಟ್ಟಣಿಗಿಲೆ ಚಪಾತಿ ಲಟ್ಟಿಸೂದು ಕಲಿತ್ಲು. ಅಕಿ ಕೈ ಸುಮ್ಮನಿದ್ದದ್ದು ನೋಡಾಕ ನನಗ ಆಗತಿರಲಿಲ್ಲ.

ನಾ ಕಲಿತು, ಈಗ ಇನ್ನೊಂದು ಹುಡುಗ್ಯಾರ ಸಾಲ್ಯಾಗ ಕಲಸಾಕತ್ತೇನಿ. ದನಿ ಹೊಟ್ಟಿಂದ ತೆಗೀರಿ ಅಂತ ನಾನೂ ಹೇಳತೇನಿ. ಸುಳ್ಳು ಹೇಳಿದಂಗ ಅನಸತೈತಿ, ಆದ್ರೂ ಹೇಳತೇನಿ.

ಅಜ್ಜಿ ಹಾಸಿಗಿ ಹಿಡದಾಗ ಒಂದಿನ ಕೇಳಿದ್ಲು, 'ಯವ್ವಾ, ಅವತ್ತ ಆ ಪುಢಾರಿ ಮನ್ಯಾಗ ಏನ ಹೇಳಿದ್ದಿ? ನಮ್ಮ ಮಾತಿನ್ಯಾಗ ಹೇಳು.' ಇಷ್ಟು ವರ್ಷ ಅಕಿ ಅದನ್ನ ಕೇಳಿರಲೇ ಇಲ್ಲ. ನಾ ಹೇಳಿದೆ. 'ನಮ್ಮ ಮನ್ಯಾಗಿನ ಒಲಿ ನಮ್ಮಜ್ಜಿ ಮೆತ್ತಿದ್ದು. ಅದರ ಮ್ಯಾಲೆ ಬೆಂದದ್ದನ್ನ ನೀವೂ ಉಂಡೀರಿ. ಕೆಡವೂದ ಇದ್ರ ಮಳಿಗಾಲ ಮುಗೀಲಿ. ಮುದುಕೀನ ಮಳ್ಯಾಗ ಹೊರಗ ಹಾಕಬ್ಯಾಡ್ರಿ, ಅಕಿಗೆ ನನ್ನ ಬಿಟ್ಟು ಯಾರೂ ಇಲ್ಲ, ನನಗ ಅಕೀನ ಬಿಟ್ಟು ಯಾರೂ ಇಲ್ಲ.'

ಅಜ್ಜಿ ಕಣ್ಣು ಮುಚ್ಚಿ ಕೇಳಿದ್ಲು.

'ಪರದೇಶದಾಗ ಕಲಿತ ಮಾತು, ಸಣ್ಣ ಹುಡುಗಿ, ಎಲ್ಲೋ ತಪ್ಪು ಹೇಳಿರಬೇಕು, ಅವರಿಗೆ ತಿಳೀಲಿಲ್ಲ ಅಂತ ಅನ್ಕೊಂಡಿದ್ದೆ' ಅಂದ್ಲು. 'ಹಂಗಾದ್ರ ಅವರಿಗೆ ಎಲ್ಲಾ ತಿಳಿದಿತ್ತು.'

ಆ ಮ್ಯಾಲೆ ಅಕಿ ಗ್ವಾಡಿ ಕಡಿ ಮುಖ ಮಾಡಿದ್ಲು. ತಾಟ ಈಗ ನನ್ನ ಮನ್ಯಾಗೈತಿ. ಅದರಾಗ ಯಾವಾಗಲೂ ಒಂದ ಹಿಡಿ ಜ್ವಾಳ ಇಟ್ಟಿರತೇನಿ.