ಮಂಡಲ ಮುಗಿದ ಮೇಲೆ ಪುತ್ತೂರಿಗೆ

ಆಲಂಕಾರಿನಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಬಿದಿರಿಗೆ ಕಂಬಳಿ ಕಟ್ಟಿ ಮಾಡಿದ ಜೋಲಿಯಲ್ಲಿ ಚಿಕ್ಕಮ್ಮನನ್ನು ಮಲಗಿಸಿ ನೆರೆಯ ಇಬ್ಬರು ಹೊತ್ತರು. ನಾನು ಗಂಜಿಯ ಪಾತ್ರೆ, ಕೊಡೆ ಹಿಡಿದು ಹಿಂದೆ ನಡೆದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಕುಮಾರಧಾರೆ ಹೊಳೆಯ ದೋಣಿ ಕಡವಿಗೆ ಎರಡು ಮೈಲಿಗೂ ಮಿಕ್ಕಿ ದಾರಿ, ಉದ್ದಕ್ಕೂ ಅವಳು ನರಳುತ್ತಲೇ ಇದ್ದಳು.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಚಿಕ್ಕಮ್ಮ. ಊರಿಗೆಲ್ಲ ಸೂಲಗಿತ್ತಿ. ಎಪ್ಪತ್ತರ ಹತ್ತಿರವಾದರೂ ಗುಡ್ಡ ಹತ್ತಿ ಇಳಿಯುವುದರಲ್ಲಿ ಅವಳ ಸಮಕ್ಕೆ ನಾನಿರಲಿಲ್ಲ. ಹೊಸ್ತಿಲು ದಾಟುವಾಗ ಎಡವಿ ಬಿದ್ದಳು, ಅಷ್ಟೆ, ಮತ್ತೆ ಏಳಲಿಲ್ಲ. ಸುಳ್ಯದ ಕಡೆಯ ನಾಟಿ ವೈದ್ಯರನ್ನು ಕರೆಸಿದವನು ಶಾಲೆ ಮಾಸ್ಟ್ರಾದ ನಾನೇ. ಅವರು ಸೊಪ್ಪರೆದು ಹಚ್ಚಿ, ಕಾಲಿಗೆ ಬಿದಿರ ದಬ್ಬೆ ಕಟ್ಟಿ, ಒಂದು ಮಂಡಲ ಅಲುಗಾಡಬಾರದು ಎಂದರು. ನಲವತ್ತೆಂಟು ದಿನಕ್ಕೆ ಮೊದಲು ಕಟ್ಟು ಬಿಚ್ಚಿದರೆ ಮದ್ದೆಲ್ಲ ವ್ಯರ್ಥವೆಂದು ನಾನೂ ನಂಬಿದ್ದೆ. ಬಿಚ್ಚಿ ನೋಡಿದಾಗ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿತ್ತು, ಬೆನ್ನಿನಲ್ಲಿ ಅಂಗೈಯಗಲದ ಹುಣ್ಣು.

ದೋಣಿಯಲ್ಲಿ ಹೊಳೆ ದಾಟಿ, ಮತ್ತೆ ಹೊತ್ತು ರಸ್ತೆ ಸೇರಿದೆವು. ಬಸ್ಸಿಗೆ ತಲೆಗೆ ಹತ್ತಾಣೆ. ಹಿಂದಿನ ಉದ್ದ ಸೀಟು ಪೂರ್ತಿ ಅವಳಿಗೇ ಬೇಕಾಯಿತು. ಪ್ರತಿ ಹೊಂಡಕ್ಕೂ ಅವಳು ನನ್ನ ಕೈ ಹಿಸುಕುತ್ತಿದ್ದಳು. ಪುತ್ತೂರು ಮುಟ್ಟುವಾಗ ಹನ್ನೊಂದು ಗಂಟೆಯ ಸುಡುಬಿಸಿಲು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಹಿಂದೆ ಎಲುಬು ಮುರಿದದ್ದುಂಟೋ ಎಂದು ಕೇಳಿದರು. ಹೋದ ವರ್ಷ ಅಡುಗೆಮನೆಯಲ್ಲಿ ಜಾರಿ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿದಿತ್ತು, ಇದೇ ವೈದ್ಯರು ಗುರುತೂ ಉಳಿಯದಂತೆ ವಾಸಿ ಮಾಡಿದ್ದರು ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ನನ್ನನ್ನು ಹೊರಗೆ ಕರೆದರು.

"ಪ್ರಾಯ ಆದವರ ಕೈ ಅಷ್ಟಕ್ಕೇ ಮುರಿದ್ರೆ ಎಲುಬಿನ ಬಲ ಹೋಗಿದೆ ಅಂತ ಅರ್ಥ ಮಾಸ್ಟ್ರೆ. ಆಗಲೇ ಜಾಗ್ರತೆ ಮಾಡ್ಬೇಕಿತ್ತು. ಈ ಸಲವಾದ್ರೂ ಬಿದ್ದ ಕೂಡಲೇ ಮಂಗಳೂರಿಗೆ ಕೊಂಡು ಹೋಗಿದ್ರೆ ಸೊಂಟದ ಎಲುಬಿಗೆ ಮೊಳೆ ಹಾಕಿ ಕೂರಿಸ್ಬಹುದಿತ್ತು."

ಇವತ್ತೇ ಹೋಗುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿದೆ, ಹುಣ್ಣು ಎಲುಬಿನವರೆಗೆ ಹೋಗಿದೆ, ಈ ಮೈ ಆಪರೇಷನ್ ತಡೆಯುವುದಿಲ್ಲ ಎಂದರು. ಹುಣ್ಣು ತೊಳೆದು, ಕಟ್ಟಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಎದುರಿನ ಹೋಟೆಲಿನಲ್ಲಿ ಹೊತ್ತು ತಂದವರಿಗೆ ಊಟ ಹೇಳಿದೆ.

ಸಂಜೆ ಮತ್ತೆ ಕಡವು. ದೋಣಿಯವನ ಮೂರು ಮಕ್ಕಳ ಹೆರಿಗೆ ಮಾಡಿಸಿದವಳು ಚಿಕ್ಕಮ್ಮನೇ. ಯಾವಾಗ ನಡೆಯಬಹುದಂತೆ ಎಂದು ಅವನು ಕೇಳಿದ. ಸ್ವಲ್ಪ ದಿನ ಬೇಕಂತೆ ಎಂದು ನಾನು ನೀರು ನೋಡುತ್ತ ಸುಳ್ಳು ಹೇಳಿದೆ.

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಹೆತ್ತವರನ್ನು ನಾನು ಮೂರನೇ ದಿನಕ್ಕೇ ಎಬ್ಬಿಸಿ ನಡೆಸ್ತಿದ್ದೆ. ನನ್ನನ್ನೂ ಒಮ್ಮೆ ಎಬ್ಬಿಸಿ ಕೂರಿಸು ಮಗಾ ಅಂತ ಹೇಳಿದೆ. ನೀನು ಬೈದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮನೆಗೆ ಬಂದು ಅದೇ ಚಾಪೆಯ ಮೇಲೆ ಅವಳನ್ನು ಮಲಗಿಸಿದೆ. ಮಂಡಲದ ಲೆಕ್ಕ ತಪ್ಪಬಾರದೆಂದು ತಲೆಕಡೆಯ ಗೋಡೆಗೆ ದಿನಕ್ಕೊಂದರಂತೆ ನಾನು ಎಳೆದಿದ್ದ ಇದ್ದಿಲಿನ ಗೀರುಗಳು ಹಾಗೇ ಇದ್ದವು. ಒರೆಸಲೆಂದು ಒದ್ದೆ ಬಟ್ಟೆ ತಂದವನು ಸುಮ್ಮನೆ ಎಣಿಸುತ್ತ ನಿಂತೆ. ಅವಳು ಎಬ್ಬಿಸು ಎಂದದ್ದು ನಾಲ್ಕನೆಯ ದಿನ.